ಒಂದೇ ಒಂದು ಕೊಡಣ್ಣ: ಬಿಡಿ ಸಿಗರೇಟು ನಿಂತರೆ ನಮ್ಮೂರಿನವರು ಏನು ಸೇದುತ್ತಾರೆ?

ಪಾಂಡವಪುರದ ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಪೆಟ್ಟಿಗೆ ಅಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ಸಿಗರೇಟಿಗೆ ಬರುವವರಲ್ಲಿ ಪ್ಯಾಕ್ ಕೇಳುವವರು ಒಬ್ಬರೋ ಇಬ್ಬರೋ. ಮಿಕ್ಕವರೆಲ್ಲ "ಒಂದ್ ಕೊಡಣ್ಣ" ಎನ್ನುವವರೇ. ಅಂಗಡಿಯವರು ತೆರೆದ ಪ್ಯಾಕಿನಿಂದ ಒಂದನ್ನು ತೆಗೆದು ಕೊಡುತ್ತಾರೆ. ದಾರ ಕಟ್ಟಿ ತೂಗುಬಿಟ್ಟ ಲೈಟರ್‌ನಲ್ಲಿ ಹಚ್ಚಿಕೊಂಡು, ಟೀ ಲೋಟ ಹಿಡಿದು ಆ ಕಡೆ ಹೋಗುತ್ತಾರೆ. ಶ್ರೀರಂಗಪಟ್ಟಣದಲ್ಲೂ ಇದೇ, ಕೆ.ಆರ್. ಪೇಟೆ, ನಾಗಮಂಗಲದಲ್ಲೂ ಇದೇ.

ಈಗ ಇದು ಕಾನೂನಿಗೆ ವಿರುದ್ಧ. ಕೇಂದ್ರದ 2003ರ ಕೋಟ್ಪಾ ಕಾಯ್ದೆಗೆ ನಮ್ಮ ರಾಜ್ಯ 2024ರಲ್ಲಿ ತಿದ್ದುಪಡಿ ತಂದಿತು, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಬಿಡಿ ಸಿಗರೇಟು ಮಾರುವಂತಿಲ್ಲ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಮೊದಲು ಇದು 18 ಇತ್ತು. ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1,000 ರೂಪಾಯಿವರೆಗೆ ಏರಿದೆ. ಹುಕ್ಕಾ ಬಾರ್ ಕೂಡ ನಿಷೇಧ. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಅದರ ಚಿಂತೆ ಇರಲಾರದು, ಬಿಡಿ.

ಬಿಡಿಯಾಗಿ ಮಾರಬೇಡಿ ಎಂದು ಸರ್ಕಾರ 2017ರಲ್ಲೂ ಆದೇಶ ಮಾಡಿತ್ತು. ಆ ಆದೇಶ ಪಾಲನೆಯಾಗಿದ್ದರೆ ಇವತ್ತು ನಾವು ಇದನ್ನು ಬರೆಯಬೇಕಾಗಿರಲಿಲ್ಲ.

ನಾವು ಬಿಡಿ ಮಾರಾಟ ನಿಲ್ಲಬೇಕು ಎನ್ನುವವರು. ಹುಡುಗರು ಕಲಿಯುವುದು ಒಂದು ಸಿಗರೇಟಿನಿಂದಲೇ, ಮೊದಲ ದಿನವೇ ಪ್ಯಾಕ್ ಕೊಳ್ಳುವಷ್ಟು ದುಡ್ಡು ಯಾವ ಹುಡುಗನ ಜೇಬಲ್ಲೂ ಇರಲ್ಲ. ಇನ್ನೊಂದು ಕಾರಣವನ್ನು ಜನ ಅಷ್ಟಾಗಿ ಗಮನಿಸಿಲ್ಲ. 2016ರಿಂದ ಪ್ಯಾಕಿನ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಎಂಬ ನಿಯಮ ಇದೆ. 2018ರಿಂದ ಬಿಡಲು ಸಹಾಯ ಮಾಡುವ ಫೋನ್ ನಂಬರ್ ಕೂಡ ಅದರ ಮೇಲಿದೆ. ಒಂದೊಂದೇ ಕೊಂಡು ಸೇದುವವರು ಈ ಚಿತ್ರವನ್ನೂ ನೋಡಲ್ಲ, ನಂಬರನ್ನೂ ಓದಲ್ಲ. ದಿನವಿಡೀ ಆ ಚಿತ್ರ ನೋಡುತ್ತಾ ಕೂತಿರುವವರು ಅಂಗಡಿಯವರು ಮಾತ್ರ. ಅವರಲ್ಲಿ ಎಷ್ಟೋ ಜನ ಸೇದುವುದೇ ಇಲ್ಲ!

ಆದರೆ ಇಪ್ಪತ್ತು ವರ್ಷದಿಂದ ಸೇದುತ್ತಿರುವವರ ವಿಷಯ ಬೇರೆ. ನಾಳೆಯಿಂದ ಬಿಡಿ ಸಿಗಲ್ಲ ಎಂದರೆ ಅವರು ಏನು ಮಾಡುತ್ತಾರೆ? ಕೆಲವರು ಬಿಟ್ಟೇಬಿಡಬಹುದು. ಕೆಲವರು ಪ್ಯಾಕ್ ಕೊಳ್ಳುತ್ತಾರೆ. ನಮ್ಮ ಗುಂಪಿನ ಒಬ್ಬರ ಚಿಕ್ಕಪ್ಪ ದಿನಕ್ಕೆ ನಾಲ್ಕು ಸೇದುತ್ತಿದ್ದವರು. ಪದೇ ಪದೇ ಅಂಗಡಿಗೆ ಹೋಗುವುದು ಬೇಡ ಎಂದು ಪ್ಯಾಕ್ ತರಲು ಶುರು ಮಾಡಿದರು. "ಜೇಬಲ್ಲಿದ್ರೆ ಕೈ ಸುಮ್ನಿರಲ್ಲ ಕಣ್ಲಾ" ಎನ್ನುತ್ತಾರೆ ಈಗ. ನಾಲ್ಕು ಎಂಟಾಗಿದೆ. ಅಂಗಡಿಯ ದೂರವೇ ಅವರಿಗೆ ಕಡಿವಾಣವಾಗಿತ್ತು, ಅದು ಆಮೇಲೆ ಗೊತ್ತಾಯಿತು.

ಉಳಿದವರು ಹೋಗುವುದು ಬೀಡಿಗೆ. ಈ ದಾರಿಯನ್ನು ಕಾನೂನೇ ತೋರಿಸುತ್ತಿದೆ ಎನ್ನುವುದು ನಮ್ಮ ತಕರಾರು. 2026ರ ಫೆಬ್ರವರಿ 1ರಿಂದ ಸಿಗರೇಟಿಗೆ ಜಿಎಸ್‌ಟಿ ಶೇ 40 ಆಗಿದೆ. ಹಳೆಯ ಸೆಸ್ ಹೋಗಿ, ಅದರ ಜಾಗಕ್ಕೆ ಸಿಗರೇಟಿನ ಉದ್ದ ನೋಡಿ ಸಾವಿರಕ್ಕೆ 2,050 ರೂಪಾಯಿಯಿಂದ 8,500 ರೂಪಾಯಿವರೆಗೆ ಕೇಂದ್ರದ ಅಬಕಾರಿ ಸುಂಕ ಬಂದಿದೆ. ಅಂದರೆ ಒಂದೊಂದು ಸಿಗರೇಟಿಗೆ ಸುಮಾರು ಎರಡರಿಂದ ಎಂಟೂವರೆ ರೂಪಾಯಿ ಸುಂಕವೇ ಆಯಿತು. ಅದೇ ದಿನದಿಂದ ಬೀಡಿಯ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ! ಕಬ್ಬು ಕಡಿಯುವವರು, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರು, ಗಾರೆ ಕೆಲಸದವರು ಯಾವುದನ್ನು ಆರಿಸುತ್ತಾರೆ ಎಂದು ಕೇಳಬೇಕೇ?

ಬೀಡಿ ಎಲೆಯದ್ದು, ಕಾಗದದ್ದಲ್ಲ, ಅದರಿಂದ ಅಷ್ಟು ಕೆಡುಕಿಲ್ಲ ಎನ್ನುವ ಮಾತು ಅರಳಿಕಟ್ಟೆಯಲ್ಲಿ ಈಗಲೂ ಕೇಳುತ್ತದೆ. ಅದು ತಪ್ಪು. ಬೀಡಿಯಲ್ಲಿ ಸೊಪ್ಪು ಕಡಿಮೆ ನಿಜ. ಆದರೆ ಆ ಎಲೆಯಲ್ಲಿ ಗಾಳಿ ಸರಿಯಾಗಿ ಆಡಲ್ಲ, ಆರಿಹೋಗದಿರಲಿ ಎಂದು ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು. ಟಾರೂ ಇಂಗಾಲದ ಮಾನಾಕ್ಸೈಡೂ ಸಿಗರೇಟಿಗಿಂತ ಹೆಚ್ಚೇ ಒಳಗೆ ಹೋಗುತ್ತವೆ.

ಬೀಡಿಯ ಮೇಲೆ ಸರ್ಕಾರಕ್ಕೆ ಯಾಕೆ ಮೃದು ಮನಸ್ಸು ಎನ್ನುವುದು ನಮಗೆ ಅರ್ಥವಾಗದ್ದಲ್ಲ. ಕರಾವಳಿಯಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟಿ ಸಂಸಾರ ತೂಗಿಸುವ ಹೆಂಗಸರು ತುಂಬಾ ಇದ್ದಾರೆ. ತೆರಿಗೆ ಹಾಕಿದರೆ ಮೊದಲು ಏಟು ಬೀಳುವುದು ಅವರಿಗೆ. ಆದರೆ ಅವರಿಗೆ ಬೇರೆ ಕೆಲಸ ಕಲಿಸುವ ದುಡ್ಡನ್ನು ಸಿಗರೇಟು ಸುಂಕದಿಂದಲೇ ತೆಗೆಯಬಹುದಲ್ಲ. ಅದನ್ನು ಬಿಟ್ಟು, ಬಡವರು ಸೇದುವುದನ್ನೇ ಅಗ್ಗ ಮಾಡುವುದು ಯಾವ ನ್ಯಾಯ?

ರೂಪ ಬದಲಿಸುವ ಈ ಆಟವನ್ನು ನಾವು ಹಿಂದೆಯೂ ಕಂಡಿದ್ದೇವೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಪಕ್ಕಪಕ್ಕದಲ್ಲೇ ನೇತಾಡಿದವು. ಜನ ಎರಡನ್ನೂ ಹರಿದು ಬೆರೆಸಿ ಬಾಯಿಗೆ ಹಾಕಿಕೊಂಡರು.

ಹಾಗೆಂದು ನಿಯಮಗಳಿಂದ ಏನೂ ಆಗಲ್ಲ ಎಂದೂ ಹೇಳಲಾಗದು. ಕೇಂದ್ರದ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರಲ್ಲಿ ಶೇ 28.2 ಇದ್ದರು, 2016-17ಕ್ಕೆ ಶೇ 22.8ಕ್ಕೆ ಇಳಿದರು. ಚಿತ್ರ, ಬೆಲೆ, ದಂಡ ಎಲ್ಲ ಸೇರಿ ಸ್ವಲ್ಪ ಕೆಲಸ ಮಾಡಿವೆ ಎಂದೇ ನಾವು ನಂಬುತ್ತೇವೆ.

100 ಮೀಟರ್ ನಿಯಮದ ಬಗ್ಗೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಶಾಲೆ, ಡೇರಿ, ಅರಳಿಕಟ್ಟೆ, ಅಂಗಡಿ ಎಲ್ಲವೂ ಆ 100 ಮೀಟರ್ ಒಳಗೇ ಇರುತ್ತವೆ. ಇರುವುದೊಂದು ಅಂಗಡಿಯವರು ಎಲ್ಲಿಗೆ ಹೋಗಬೇಕು? ಡಬ್ಬ ಕೌಂಟರ್ ಕೆಳಗೆ ಹೋಗುತ್ತದೆ, ಅಷ್ಟೇ. ದಂಡದ ರಸೀದಿ ಬರುವುದು ಹೆಚ್ಚಾಗಿ ಇಂಥ ಸಣ್ಣವರ ಹೆಸರಿಗೆ, ಏಜೆನ್ಸಿಯವರ ಹೆಸರಿಗಲ್ಲ.

ಬಿಡಬೇಕು ಎನ್ನುವವರಿಗೆ ಕೈ ಹಿಡಿಯುವವರು ಎಲ್ಲಿದ್ದಾರೆ ಎನ್ನುವುದೇ ದೊಡ್ಡ ಪ್ರಶ್ನೆ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಲ್ಲಿ ಬಿಡಿಸುವ ಕೇಂದ್ರ ಇರುವುದು ಜಿಲ್ಲಾ ಮಟ್ಟದಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿನ ಕೂಲಿಯವರು ಮಂಡ್ಯಕ್ಕೆ ಹೋಗಿಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು. ಒಂದು ಸಲ ಹೋದರೆ ಮುಗಿಯುವ ಕೆಲಸವೂ ಅಲ್ಲ. ಚಟ ಬಿಡುವವರು ಅಗಿಯುವ ನಿಕೋಟಿನ್ ಗಮ್ ಅನ್ನು ಕೇಂದ್ರ ಸರ್ಕಾರ 2022ರಲ್ಲೇ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹಾಗಿದ್ದರೆ ಬಿಪಿ, ಸಕ್ಕರೆ ಮಾತ್ರೆ ಕೊಡುವ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅದನ್ನೂ ಪುಕ್ಕಟೆ ಕೊಡಲಿ. ಬಿಪಿ ನೋಡಲು ಬಂದವರನ್ನು "ಸೇದ್ತೀರಾ?" ಎಂದು ಒಂದು ಮಾತು ಕೇಳಲಿ. ಬೀಡಿಗೂ ಸಿಗರೇಟಿಗೂ ತೆರಿಗೆಯ ಅಂತರ ಕಡಿಮೆಯಾಗಲಿ. ದಂಡ ಹಾಕುವವರು ಅಂಗಡಿಗೆ ಬರುವ ಮುಂಚೆ ಇಷ್ಟಾದರೂ ಆಗಬೇಕು.

ಅಲ್ಲಿಯವರೆಗೆ, ಪ್ಯಾಕ್ ಕೊಳ್ಳದೆ ಒಂದೊಂದೇ ಸೇದುವವರಿಗಾಗಿ ಪ್ಯಾಕಿನ ಮೇಲಿನ ನಂಬರನ್ನು ನಾವೇ ಇಲ್ಲಿ ಹಾಕುತ್ತಿದ್ದೇವೆ: 1800-11-2356. ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಸೇವೆಯ ಒಂದು ಕೇಂದ್ರ ಇರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ಮೇಲೆ ಹೇಳಿದ ಚಿಕ್ಕಪ್ಪನ ಫೋನಿನಲ್ಲಿ ಇದನ್ನು ಸೇವ್ ಮಾಡಿಕೊಟ್ಟಿದ್ದೇವೆ. "ಕಬ್ಬು ಕಟಾವು ಮುಗೀಲಿ, ಮಾಡ್ತೀನಿ" ಎಂದಿದ್ದಾರೆ.