ಇಪ್ಪತ್ತೆಂಟನೇ ನಿಮಿಷಕ್ಕೇ ಸೀಟಿ

2018ರ ಏಪ್ರಿಲ್ 20, ಭುವನೇಶ್ವರ. ಸೂಪರ್ ಕಪ್ ಫುಟ್‌ಬಾಲ್ ಫೈನಲ್. 28ನೇ ನಿಮಿಷದಲ್ಲಿ ಈಸ್ಟ್ ಬೆಂಗಾಲ್ ಗೋಲು ಹೊಡೆದು ನಮ್ಮ ಬೆಂಗಳೂರು ಎಫ್‌ಸಿಯನ್ನು ಹಿಂದೆ ಹಾಕಿತು. 39ಕ್ಕೆ ರಾಹುಲ್ ಭೇಕೆ ಸಮ ಮಾಡಿದರು. ಎದುರಾಳಿಯೊಬ್ಬ ಕೆಂಪು ಕಾರ್ಡ್ ಕಂಡು ಹೊರನಡೆದದ್ದೂ ಅನುಕೂಲವಾಯಿತೆನ್ನಿ. ವಿರಾಮದ ನಂತರ ಸುನಿಲ್ ಛೇತ್ರಿಯವರದು ಎರಡು, ಮಿಕು ಅವರದೊಂದು. 4-1!

ಇಂಥ ಗೆಲುವಿಗೆ ಟಿ.ವಿ. ಮುಂದೆ ಕೂತು ಚಪ್ಪಾಳೆ ತಟ್ಟುವ ಅಪ್ಪಂದಿರನ್ನೇ ಕೇಳುತ್ತೇನೆ: ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ನಪಾಸಾದರೆ ನೀವೇಕೆ 28ನೇ ನಿಮಿಷಕ್ಕೇ ಆಟ ಮುಗಿಯಿತೆಂದು ಸೀಟಿ ಊದುತ್ತೀರಿ? "ಸಾಕ್ ಬಿಡ್ರಿ ಟೀಚರ್, ಲಗ್ನ ಮಾಡಿಬಿಡ್ತೀವಿ." ಸಿಂಧನೂರು, ಲಿಂಗಸುಗೂರು, ಮಸ್ಕಿ, ಎಲ್ಲಿ ಹೋದರೂ ನನ್ನ ಕಿವಿಗೆ ಬಿದ್ದದ್ದು ಇದೇ ಮಾತು. ಹದಿನಾರರ ಹುಡುಗಿಗೆ ಲಗ್ನ! ಹದಿನೆಂಟು ತುಂಬುವ ಮೊದಲು ಅದು ಅಪರಾಧವೆಂಬುದು ಕಾರ್ಡು ಹಂಚುವವರಿಗೆ ತಿಳಿಯದೇ? ಮಗ ನಪಾಸಾದರೆ ಮಾತ್ರ ಅವನಿಗೆ ಟ್ಯೂಶನ್ನು, ಮೇಲೊಂದು ಸೈಕಲ್ಲು.

ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದು ಹೋದರೆ ಮತ್ತೆ ಅವಕಾಶವಿದೆ. ಹೆಸರು ನೋಂದಾಯಿಸುವುದು ಶಾಲೆಯಲ್ಲೇ. ಹುಡುಗಿಯನ್ನು ಭತ್ತದ ನಾಟಿಗೆ ಕಳಿಸುವ ಮುಂಚೆ ಅಲ್ಲಿಗೊಮ್ಮೆ ಕರೆತನ್ನಿ.