ಓಮ್ನಿಗೊಂದು ಸೀರೆ ಪರದೆ

ಮೊನ್ನೆ ಚನ್ನಪಟ್ಟಣದಿಂದ ಮಾಗಡಿ ರಂಗನಾಥಸ್ವಾಮಿ ದೇವಸ್ಥಾನಕ್ಕೆ ನಮ್ಮ ಹಳೇ ಓಮ್ನಿಯಲ್ಲಿ ಹೊರಟಿದ್ವಿ. ದಾರೀಲಿ ಅಕ್ಕನ ಮಗು ಹಸಿದು ಅಳೋಕೆ ಶುರುಮಾಡ್ತು. ಗಾಡಿ ನಿಲ್ಲಿಸಿದ್ರೂ ಸುತ್ತ ಗಾಜೇ ಗಾಜು, ಹಾಲು ಕುಡಿಸೋದು ಹೇಗೆ? ಕಪ್ಪು ಫಿಲ್ಮ್ ಅಂಟಿಸಬೇಡಿ ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಮನೆಗೆ ಬಂದವನೇ ಅಮ್ಮನ ಹಳೇ ಕಾಟನ್ ಸೀರೆ ಕತ್ತರಿಸಿ, ಕಿಟಕಿಯ ಒಂದೂವರೆ ಪಟ್ಟು ಅಗಲ ಬಿಟ್ಟು, ಅಂಚು ಮಡಚಿ ಹೊಲಿದೆ. ಮಡಿಕೆಯೊಳಗೆ ಸ್ಪ್ರಿಂಗ್ ತಂತಿ, ಎರಡೂ ತುದಿಗೆ ಕೊಕ್ಕೆ. ಕಟ್ಟೋಕೆ ನಮ್ಮೂರ ಬಣ್ಣದ ಮರದ ಮಣಿ ಪೋಣಿಸಿದ ದಾರ. ಪಕ್ಕದಲ್ಲೇ ರಾಮನಗರ ಇದ್ದೂ ರೇಷ್ಮೆ ಯಾಕಿಲ್ಲ ಅಂತೀರಾ? ಬಿಸಿಲಿಗೆ ರೇಷ್ಮೆ ಬೇಗ ಜೀರ್ಣವಾಗುತ್ತೆ.

ನನ್ನ ಪ್ರಕಾರ ಗಾಡಿ ಪರದೆ ಶೋಕಿಗಲ್ಲ, ನೆಮ್ಮದಿಗೆ. ನಿಂತಾಗ ಮಾತ್ರ ಎಳೀರಿ, ಹೊರಡುವಾಗ ಬಿಚ್ಚಿಡಿ. ಕನಕಪುರ ರಸ್ತೇಲಿ ಪಕ್ಕದ ಗಾಡಿ ಕಾಣದಿದ್ರೆ ಮಗೂಗೇ ಅಪಾಯ. ನೀವೇನಂತೀರಿ?