ಬಿಡುಗಡೆಯ ಮೊದಲ ಹೆಜ್ಜೆ ಯಾರದು?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಕೇಳಿದನು: “ಸಾರ್, ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಕದ್ದು ಓಡಿಹೋಗಬೇಕಾಗಿತ್ತೆ? ಅಷ್ಟು ಹೊತ್ತಿಗೆ ಗುಲಾಮಗಿರಿಯನ್ನು ಕಾನೂನು ತೆಗೆದುಹಾಕಿತ್ತಲ್ಲವೆ?”

ಪ್ರಶ್ನೆ ಸಾಧುವಾದದ್ದೇ. ಕಾದಂಬರಿಯ ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಮನುಷ್ಯನನ್ನು ತನ್ನ ಸ್ವತ್ತೆಂದು ಹೇಳಿಕೊಂಡು ಬಂದವನ ಹಕ್ಕನ್ನು ಕೋರ್ಟುಗಳು ಮನ್ನಿಸಕೂಡದೆಂದು 1843ರ ಐದನೆಯ ಆಕ್ಟು ಕಂಪನಿಯ ಪ್ರದೇಶಗಳಲ್ಲಿ ವಿಧಿಸಿತ್ತು. 1862ರ ಜನವರಿ 1ರಂದು ಜಾರಿಗೆ ಬಂದ ದಂಡಸಂಹಿತೆಯು ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದಿತು. ಆದರೂ ಸಿಂಬಾವಿಯ ಹೆಗ್ಗಡೆಯವರ ಆಳಾದ ಗುತ್ತಿ, ಬೆಟ್ಟಳ್ಳಿಯ ಗೌಡರ ಕೇರಿಯ ಹುಡುಗಿಯನ್ನು ಪಡೆಯಲು ಓಡಲೇಬೇಕಾಯಿತು. ಕಾನೂನು ಕಲ್ಕತ್ತೆಯಲ್ಲಿತ್ತು, ಗೌಡರು ಬೆಟ್ಟಳ್ಳಿಯಲ್ಲಿದ್ದರು. ತರಗತಿಯಲ್ಲಿ ಇಷ್ಟು ಮಾತ್ರ ಹೇಳಿದೆ. ಉಳಿದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುತ್ತೇನೆ.

ಗುಲಾಮಗಿರಿಯ ಅಂತ್ಯವೆಂದೊಡನೆ ನಮಗೆ ನೆನಪಾಗುವ ಹೆಸರು ಅಬ್ರಹಾಂ ಲಿಂಕನ್ನನದು. ಅವನನ್ನು ಕುರಿತು ವಿದ್ಯಾವಂತರಲ್ಲಿ ಎರಡು ಪಕ್ಷಗಳಿವೆ. ಅವನು ಮಹಾತ್ಮನೆಂಬುದು ಒಂದು. ಕೇವಲ ಚತುರ ರಾಜಕಾರಣಿಯೆಂಬುದು ಇನ್ನೊಂದು. ಎರಡನೆಯವರ ಕೈಯಲ್ಲಿ ಆಧಾರಗಳಿಲ್ಲದೆ ಇಲ್ಲ. 1861ರಲ್ಲಿ ಅಂತರ್ಯುದ್ಧ ತೊಡಗಿದಾಗ ಅವನು ಸಾರಿದ ಗುರಿ ಒಕ್ಕೂಟವನ್ನು ಉಳಿಸುವುದೇ ಹೊರತು ಗುಲಾಮರನ್ನು ಬಿಡಿಸುವುದಲ್ಲ. 1862ರ ಜುಲೈ ತಿಂಗಳಲ್ಲಿ ವಿಮೋಚನೆಯ ಕರಡನ್ನು ಮಂತ್ರಿಗಳ ಮುಂದಿಟ್ಟಾಗ, ಸೋಲಿನ ನಡುವೆ ಇದನ್ನು ಹೊರಡಿಸಿದರೆ ದಿಕ್ಕುಗೆಟ್ಟವರ ಮೊರೆಯಂತೆ ಕಂಡೀತು, ಒಂದು ಗೆಲುವಿನವರೆಗೆ ತಡೆಯುವುದು ಲೇಸು ಎಂದು ಸೀವರ್ಡನು ಸಲಹೆಯಿತ್ತನು. ಸೆಪ್ಟೆಂಬರ್ 17ರಂದು ಆಂಟೀಟಮ್ ಹೊಳೆಯ ಬಳಿ ಕಾಳಗವಾಯಿತು. ಒಂದೇ ಹಗಲಿನಲ್ಲಿ ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಕಾಣೆಯಾದರು. ಅದು ಪೂರ್ಣಜಯವಲ್ಲ, ದಕ್ಷಿಣದ ಸೇನೆ ಹಿಂದೆ ಸರಿಯಿತು, ಅಷ್ಟೆ. ಲಿಂಕನ್ನನಿಗೆ ಅಷ್ಟೇ ಸಾಕಾಯಿತು. ಐದು ದಿನಗಳ ತರುವಾಯ ಮುನ್ನೆಚ್ಚರಿಕೆಯ ಪ್ರಕಟಣೆ, 1863ರ ಜನವರಿ 1ರಂದು ಘೋಷಣೆ. ಅದರಲ್ಲಿಯೂ ಲೆಕ್ಕಾಚಾರವಿತ್ತು. ದಂಗೆಯೆದ್ದ ಪ್ರಾಂತಗಳ ಗುಲಾಮರಿಗೆ ಬಿಡುಗಡೆ. ಒಕ್ಕೂಟದಲ್ಲಿಯೇ ಉಳಿದ ಕೆಂಟಕಿ, ಮೇರಿಲ್ಯಾಂಡ್ ಮುಂತಾದ ರಾಜ್ಯಗಳ ಗುಲಾಮರಿಗೆ ಇಲ್ಲ.

ಆದರೆ ಎರಡು ಪಕ್ಷದವರೂ ಮರೆಯುವ ಸಂಗತಿಯೊಂದಿದೆ. ಘೋಷಣೆಗೆ ಒಂದೂವರೆ ವರ್ಷ ಮೊದಲೇ, 1861ರ ಮೇ ತಿಂಗಳಲ್ಲಿ, ಮೂವರು ಗುಲಾಮರು ದೋಣಿಯೇರಿ ವರ್ಜೀನಿಯದ ಮನ್ರೋ ಕೋಟೆಗೆ ಬಂದು ಆಶ್ರಯ ಬೇಡಿದರು. ಒಡೆಯನ ಕಡೆಯವರು ಬಂದು ಕೇಳಿದರೂ ಸೇನಾಧಿಕಾರಿ ಬಟ್ಲರ್ ಅವರನ್ನು ಹಿಂದಿರುಗಿಸಲಿಲ್ಲ. ಶತ್ರುವಿನಿಂದ ವಶವಾದ ಯುದ್ಧಸಾಮಗ್ರಿಯೆಂದು ಇರಿಸಿಕೊಂಡನು. ‘ಸಾಮಗ್ರಿ’ ಎಂಬ ಹೆಸರಿನಲ್ಲಿ ಅವರು ಮನುಷ್ಯರಾಗತೊಡಗಿದರು! ಅವರ ಹಿಂದೆ ಸಾವಿರಾರು ಮಂದಿ ನಡೆದು ಬಂದರು. ಮುಂದೆ ಸುಮಾರು 1,80,000 ಮಂದಿ ಕರಿಯರು ಅದೇ ಸೇನೆಯ ಯೋಧರಾದರು. ಲಿಂಕನ್ನನ ಲೇಖನಿ ಅವರ ಕಾಲುಗಳನ್ನು ಹಿಂಬಾಲಿಸಿತೆಂದರೆ ಅವನ ಕೀರ್ತಿಗೆ ಕುಂದಿಲ್ಲ. ಗುತ್ತಿ ಓಡಿದ್ದೂ ಇಂಥ ಹಾದಿಯಲ್ಲಿಯೇ. ಆದರೆ ಅವನಿಗೆ ತೆರೆದ ಬಾಗಿಲಿನ ಕೋಟೆಯೊಂದು ಇರಲಿಲ್ಲ.

ನಮ್ಮ ಸೀಮೆಯಲ್ಲಿಯೂ ಅಂತಃಕಲಹ ನಡೆದಿದೆ. ನನ್ನೂರು ಶಿವನಿ; ಬೀರೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲಿಗೆ ಅಜ್ಜಂಪುರದ ಮುಂದಿನ ನಿಲ್ದಾಣ. ಪಡುವಣಕ್ಕೆ ತರೀಕೆರೆ, ಅದರಾಚೆ ಮಲೆನಾಡು. 1830-31ರಲ್ಲಿ ನಗರದ ದಂಗೆಯ ಕಿಚ್ಚು ಇಲ್ಲೆಲ್ಲ ಹರಡಿತು. ತರೀಕೆರೆಯ ಪಾಳೆಯಗಾರರೂ ಕೂಡಿಕೊಂಡರು. ಅದನ್ನೇ ಕಾರಣ ಮಾಡಿ 1831ರಲ್ಲಿ ಕಂಪನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡರು. ಆ ದಂಗೆಯ ಕೂಗು ಕಂದಾಯದ್ದು, ಅಧಿಕಾರಿಗಳ ಹಿಂಸೆಯದ್ದು. ಮಲೆನಾಡಿನಲ್ಲಿ ಆಗ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆಯ ಆಳುಗಳಿದ್ದರು: ಹುಟ್ಟಿನಿಂದ ಮನೆತನಕ್ಕೆ ಸೇರಿದವನು ಹುಟ್ಟಾಳು, ಜಮೀನಿಗೆ ಅಂಟಿಕೊಂಡವನು ಮಣ್ಣಾಳು. ಮಣ್ಣಾಳು ಕಂದಾಯ ಕಟ್ಟುವವನಲ್ಲ. ಕಂದಾಯ ಕಟ್ಟುವ ಭೂಮಿಯ ಜೊತೆಗೆ ಎಣಿಕೆಗೆ ಬರುವವನು. ದೊರೆ ಬದಲಾದರೂ ಒಡೆಯ ಬದಲಾಗಲಿಲ್ಲ.

ಮುಂದೆ ಒಡೆತನದ ಹೆಸರು ಹೋಗಿ ಸಾಲದ ಹೆಸರು ಬಂದಿತು. ಮದುವೆಗೋ ಕಾಯಿಲೆಗೋ ತಂದ ಸಾಲಕ್ಕೆ ಮಗನನ್ನು ಜೀತಕ್ಕೆ ಬಿಡುವುದು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಹೊಟ್ಟೆಗೆ ಹಿಟ್ಟು, ವರುಷಕ್ಕೊಂದು ಕಂಬಳಿ, ಒಂದು ಜೊತೆ ಎಕ್ಕಡ. ನನ್ನ ಬಾಲ್ಯದಲ್ಲಿ ಹಿರಿಯರು ಇದನ್ನು ಮಳೆಬೆಳೆಯ ವಿಷಯದಂತೆ ಸಹಜವಾಗಿ ಹೇಳುತ್ತಿದ್ದರು. ‘ಜೀತ’ವೆಂಬುದು ‘ಜೀವಿತ’ದ ತದ್ಭವ. ಹಳಗನ್ನಡದಲ್ಲಿ ಅದು ಊಳಿಗಕ್ಕೆ ಪಡೆಯುವ ವೇತನ. ವೇತನವೆಂಬ ಅರ್ಥದ ಪದವೇ ವೇತನವಿಲ್ಲದ ದುಡಿಮೆಗೆ ಹೆಸರಾದುದನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು.

1950ರ ಸಂವಿಧಾನದ 23ನೆಯ ವಿಧಿಯು ಬಲವಂತದ ದುಡಿಮೆಯನ್ನು ನಿಷೇಧಿಸಿತಾದರೂ ಜೀತವನ್ನು ನೇರವಾಗಿ ತೊಡೆದ ಶಾಸನ ಬಂದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ, ಅದರ ಬೆನ್ನಿಗೆ 1976ರ ಕಾಯಿದೆಯ ರೂಪದಲ್ಲಿ. ಕಾಲವಾದರೋ ತುರ್ತುಪರಿಸ್ಥಿತಿಯದು. ವಿರೋಧಿಗಳನ್ನು ಸೆರೆಗೆ ತಳ್ಳಿದ ಸರ್ಕಾರವೇ ಜೀತದ ಸಾಲವೆಲ್ಲ ರದ್ದೆಂದಿತು. ವಾಸದ ನೆಲೆಯಿಂದ ಆಳನ್ನು ಹೊರಡಿಸಕೂಡದೆಂದಿತು. ಜೀತದ ಸಾಲವಲ್ಲವೆಂದು ಸಾಧಿಸುವ ಹೊಣೆಯನ್ನು ಸಾಲಿಗನ ಮೇಲೆಯೇ ಹೊರಿಸಿತು. ಇಪ್ಪತ್ತು ಅಂಶಗಳ ಪ್ರಚಾರದ ಸರಕೆಂದು ಇದನ್ನು ಹಳಿಯುವವರುಂಟು. ಆ ಆಡಳಿತದ ಸಮರ್ಥನೆ ನನ್ನ ಉದ್ದೇಶವಲ್ಲ. ಆದರೆ ಕೊಟ್ಟವನ ಮನಸ್ಸು ಶುದ್ಧವಲ್ಲವೆಂದು ಬಿಡುಗಡೆಯನ್ನೇ ಹುಸಿಯೆನ್ನುವ ಸೌಕರ್ಯ ಸೆರೆಯಲ್ಲಿಲ್ಲದವರಿಗೆ ಮಾತ್ರ ಇರುತ್ತದೆ.

ನಾವು ಕೇಳಬೇಕಾದ ಪ್ರಶ್ನೆ ಬೇರೆ: ಬಿಡುಗಡೆಯಾದವನು ಮರುದಿನ ಬೆಳಗ್ಗೆ ಎಲ್ಲಿಗೆ ಹೋಗಬೇಕು? 1865ರ ಜನವರಿಯಲ್ಲಿ ಸೇನಾನಿ ಶರ್ಮನ್ ಕರಾವಳಿಯ ಭೂಮಿಯನ್ನು ಕುಟುಂಬಕ್ಕೆ 40 ಎಕರೆಯವರೆಗೆ ಹಂಚಲು ಆಜ್ಞಾಪಿಸಿದನು. ಲಿಂಕನ್ನನ ಹತ್ಯೆಯ ನಂತರ ಅಧ್ಯಕ್ಷ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸತೊಡಗಿದನು. ಬಿಡುಗಡೆಯಾದವರು ಪಾಲಿನ ಬೇಸಾಯಕ್ಕೂ ಸಾಲಕ್ಕೂ ಸಿಲುಕಿದರು. ನಮ್ಮಲ್ಲಿ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಅದು ದೊಡ್ಡ ಕಾರ್ಯವೇ. ಆದರೆ ಜೀತದಾಳು ಗೇಣಿದಾರನಾಗಿರಲಿಲ್ಲ. ನೇಗಿಲು ಹಿಡಿದವನು ಅವನೇ ಆದರೂ ‘ಉಳುವವನೇ ಹೊಲದೊಡೆಯ’ ಎಂಬ ಮಾತಿನಲ್ಲಿ ಅವನು ಸೇರಲಿಲ್ಲ. ನೆಲವಿಲ್ಲದವನಿಗೆ ಮತ್ತೆ ಸಾಲ, ಸಾಲಕ್ಕೆ ಮತ್ತೆ ದುಡಿಮೆ. ಜೀತವಿಮುಕ್ತರ ಕೈಗೆ ಬಿಡುಗಡೆಯ ಪತ್ರ ಕೊಡುವ ಅಗತ್ಯ ಇಂದಿಗೂ ತೀರಿಲ್ಲ.

ನನ್ನ ವಿದ್ಯಾರ್ಥಿಗೆ ನಾನು ಹೇಳಬಯಸುವುದಿಷ್ಟು: ಬಿಡುಗಡೆಯ ಮೊದಲ ಹೆಜ್ಜೆ ಓಡಿದವನದು, ಎರಡನೆಯದು ಕಾಯಿದೆಯದು, ಅದರ ಹಿಂದೆ ರಾಜಕಾರಣದ ಲೆಕ್ಕಾಚಾರವಿದ್ದರೂ ಅದು ಬೇಕು. ಮೂರನೆಯದು ನೆಲ, ಕೂಲಿ, ಶಾಲೆಗಳದು. ಅದನ್ನು ಇಡಬೇಕಾದವರು ನಾವು. ಗುತ್ತಿಯ ಓಟವನ್ನು ಓದಿ ಮೆಚ್ಚುವುದರಿಂದ ಆ ಋಣ ತೀರುವುದಿಲ್ಲ.